ಕುಂಚ ಕೆಳಗಿನಿಂದ ಮೇಲಕ್ಕೆ

ಜಿಮ್ ಕಾರ್ಬೆಟ್‌ನ ಕುಮಾವೂನ್ ನರಭಕ್ಷಕಗಳ ಪುಸ್ತಕ ಬಂಗಾಳಿಗೆ ಅನುವಾದವಾದಾಗ ಕಲ್ಕತ್ತದ ಸಿಗ್ನೆಟ್ ಪ್ರೆಸ್ ಅದಕ್ಕೊಂದು ಮುಖಪುಟ ಬರೆಸಿತು. ಅದರಲ್ಲಿ ಘರ್ಜಿಸುವ ಹುಲಿಯಿಲ್ಲ, ಕೋವಿ ಹಿಡಿದ ಬೇಟೆಗಾರನಿಲ್ಲ. ಪುಸ್ತಕದ ಹಿಂದೆ ಮುಂದೆ ಹುಲಿಯ ಪಟ್ಟೆಚರ್ಮ ಹೊದಿಸಿದಂತಿದೆ. ಮುಂಬದಿಯಲ್ಲಿ ಗುಂಡು ಹೊಕ್ಕ ತೂತು, ಅದರೊಳಗೆ ಪುಸ್ತಕದ ಹೆಸರು. ಹಿಂಬದಿಯಲ್ಲಿ ಗುಂಡು ಹೊರಬಿದ್ದ ತೂತು, ಅಲ್ಲಿ ಪುಸ್ತಕದ ಪರಿಚಯ. ನಡುವಿನ ಹಾಳೆಗಳೇ ಹುಲಿಯ ಮೈ. ಓದುಗ ಪುಟ ತಿರುವುತ್ತ ಹೋಗುವ ದಾರಿಯೇ ಗುಂಡು ಸಾಗಿದ ದಾರಿ. ಕಾರ್ಬೆಟ್‌ನನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೂ ಆ ಮುಖಪುಟ ಕಂಡರೆ ಮೈ ಜುಮ್ಮೆನ್ನದೆ ಇರದು.

ಅದನ್ನು ಬರೆದ ಸತ್ಯಜಿತ್ ರೇ ಆಗ ಜಾಹೀರಾತು ಕಂಪನಿಯೊಂದರ ಕಲಾವಿದ. ‘ಪಥೇರ್ ಪಾಂಚಾಲಿ’ ಇನ್ನೂ ತೆರೆಗೆ ಬಂದಿರಲಿಲ್ಲ. ಸಿನಿಮಾದ ರೇ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಓದಿದ್ದೇವೆ. ಪುಸ್ತಕದ ರೇ ಬಗ್ಗೆ ಬರೆದದ್ದು ಕಡಿಮೆ. ಆದರೆ ಆ ಸಿನಿಮಾ ಹುಟ್ಟಿದ್ದೇ ಪುಸ್ತಕದ ಚಿತ್ರಗಳಿಂದ.

ಮನೆತನವೇ ಅಚ್ಚಿನ ಮಸಿಯದು. ಮಕ್ಕಳಿಗಾಗಿ ಬರೆದ ರಾಮಾಯಣದ ಚಿತ್ರಗಳನ್ನು ಮರದ ಅಚ್ಚಿನವರು ಕೆಡಿಸಿದ್ದನ್ನು ಕಂಡು ನೊಂದ ತಾತ ಉಪೇಂದ್ರಕಿಶೋರರು ಬ್ರಿಟನ್ನಿನಿಂದ ಸಲಕರಣೆ ತರಿಸಿದರು. ಹಾಫ್‌ಟೋನ್ ಮುದ್ರಣದಲ್ಲಿ ತಾವೇ ಪ್ರಯೋಗ ನಡೆಸಿ, ಲಂಡನ್ನಿನ ಮುದ್ರಣ ಪತ್ರಿಕೆಗೆ ಲೇಖನ ಬರೆಯುವಷ್ಟು ಬೆಳೆದರು. 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು. ತಂದೆ ಸುಕುಮಾರ್ ರೇ ಇಂಗ್ಲೆಂಡಿಗೆ ಹೋಗಿ ಮುದ್ರಣವನ್ನೇ ಕಲಿತು ಬಂದವರು. ಕಾಯಿಲೆಯಿಂದ ಮಲಗಿದ್ದಾಗಲೂ ತಮ್ಮ ‘ಆಬೋಲ್ ತಾಬೋಲ್’ ಪುಸ್ತಕದ ಚಿತ್ರ, ಪುಟವಿನ್ಯಾಸಗಳಲ್ಲಿ ತೊಡಗಿದ್ದರು. 1923ರ ಸೆಪ್ಟೆಂಬರ್ 10ರಂದು ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು ಅದಾದ 9 ದಿನಕ್ಕೆ. ಮಗನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಮುಂದೆ ಮನೆತನದ ಮುದ್ರಣಾಲಯವೂ ಕೈತಪ್ಪಿತು. ತಾಯಿ ಸುಪ್ರಭಾ ಹುಡುಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು.

ಶಾಂತಿನಿಕೇತನಕ್ಕೆ ಹೋಗು ಎಂದವರೂ ಆ ತಾಯಿಯೇ. ಸತ್ಯಜಿತ್‌ಗೆ ಮನಸ್ಸಿರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಬಂದ, ಹಾಲಿವುಡ್ ಸಿನಿಮಾ ಮತ್ತು ಪಾಶ್ಚಾತ್ಯ ಸಂಗೀತದ ಹುಚ್ಚಿದ್ದ ಪಟ್ಟಣದ ಹುಡುಗ ಅವರು. ಜಾಹೀರಾತಿನ ಚಿತ್ರಕಲೆಯಿಂದ ಹೊಟ್ಟೆ ಹೊರೆಯಬೇಕೆಂದಿದ್ದರು. ಅದಕ್ಕೆ ಆಶ್ರಮದ ಕಲಿಕೆ ಯಾವ ಉಪಯೋಗಕ್ಕೆ ಎಂಬುದು ಅವರ ಅಳಲು. ಆದರೂ 1940ರಲ್ಲಿ ಶಾಂತಿನಿಕೇತನದ ಕಲಾಭವನ ಸೇರಿದರು.

ಅಲ್ಲಿ ಗುರು ನಂದಲಾಲ್ ಬಸು. ಮರದ ಚಿತ್ರ ಬರೆಯುವಾಗ ಕುಂಚವನ್ನು ಬುಡದಿಂದ ಮೇಲಕ್ಕೆ ಎಳೆಯಬೇಕು, ಮರ ಬೆಳೆಯುವುದು ಹಾಗಲ್ಲವೇ ಎಂದು ಅವರು ತಿದ್ದಿದ್ದನ್ನು ರೇ ಕೊನೆಯವರೆಗೂ ನೆನೆದರು. ವಿನ್ಯಾಸ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಬರೆಯುವ ವಸ್ತು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂದು ತಿಳಿಯದೆ ಅದರ ಹೊರಗೆರೆ ಎಳೆದರೆ ಅದು ಬರಿಯ ನಕಲಾಗಿ ಉಳಿಯುತ್ತದೆ. ಇನ್ನೊಬ್ಬ ಗುರು ಬಿನೋದ್‌ಬಿಹಾರಿ ಮುಖರ್ಜಿ. ಹಳ್ಳಿಯ ಬದುಕನ್ನೇ ಹರಡಿದ್ದ ಅವರ ಚಾವಣಿಯ ಭಿತ್ತಿಚಿತ್ರ ಈ ವಿದ್ಯಾರ್ಥಿಯನ್ನು ಬೆರಗುಗೊಳಿಸಿತ್ತು. ಅಜಂತಾ, ಎಲ್ಲೋರಾಗಳನ್ನೂ ರೇ ನೋಡಿ ಬಂದರು. ಐದು ವರ್ಷದ ಓದನ್ನು ಮುಗಿಸದೆ 1942ರ ಕೊನೆಗೆ ಕಲ್ಕತ್ತಕ್ಕೆ ಮರಳಿದರು. ಮರುವರ್ಷ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಯಲ್ಲಿ ಕೆಲಸ, ತಿಂಗಳಿಗೆ 80 ರೂಪಾಯಿ ಸಂಬಳ.

ಅದೇ ಕಚೇರಿಯ ಡಿ.ಕೆ. ಗುಪ್ತ ಆಗ ಸಿಗ್ನೆಟ್ ಪ್ರೆಸ್ ಆರಂಭಿಸಿದ್ದರು. ಒಳ್ಳೆಯ ಸಾಹಿತ್ಯವನ್ನು ಒಳ್ಳೆಯ ಕಾಗದ, ಒಳ್ಳೆಯ ಅಚ್ಚು, ಒಳ್ಳೆಯ ಕಟ್ಟಿನಲ್ಲಿ ಕೊಡಬೇಕೆಂಬುದು ಅವರ ಹಟ. ಮುಖಪುಟಗಳನ್ನು ಅವರು ರೇ ಕೈಗೆ ಕೊಟ್ಟು ಸುಮ್ಮನಾದರು. ಅಂಥ ಪ್ರಕಾಶಕ ಸಿಗುವುದು ಕಲಾವಿದನ ಪುಣ್ಯ. ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ 1946ರಲ್ಲಿ ಹೊರಬಂದದ್ದು ಇದೇ ಸಿಗ್ನೆಟ್‌ನಿಂದ, ರೇ ಮುಖಪುಟದೊಂದಿಗೆ. ಜೀವನಾನಂದ ದಾಸರ ‘ಬನಲತಾ ಸೇನ್’ ಸಂಕಲನಕ್ಕೆ ಎಲೆಗಳ ನಡುವೆ ಇಣುಕುವ ಹೆಣ್ಣಿನ ಮುಖ. ರಾಮಕೃಷ್ಣ ಪರಮಹಂಸರ ಜೀವನಚರಿತ್ರೆಗೆ, ಭಕ್ತರು ಹೆಗಲಿಗೆ ಹಾಕಿಕೊಳ್ಳುವ ನಾಮಾವಳಿಯ ವಸ್ತ್ರದಂತೆ ಅಕ್ಷರಗಳು. ಒಂದರಂತೆ ಇನ್ನೊಂದಿಲ್ಲ. ಕಲಾವಿದನ ಕೈ ಇದು ಎಂದು ಗುರುತು ಹಿಡಿಯುವ ಮೊದಲೇ ಪುಸ್ತಕದ ಗುಣ ಎದುರಾಗುತ್ತದೆ. ಈಗಿನ ನಮ್ಮ ಎಷ್ಟೋ ಕನ್ನಡ ಪುಸ್ತಕಗಳ ಹೊದಿಕೆಯನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದರೂ ಯಾರಿಗೂ ಗೊತ್ತಾಗದು. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಪುಸ್ತಕವನ್ನು ಓದಿದವರು ಮಾತ್ರ ಅದರ ಮುಖಪುಟ ಬರೆಯಬೇಕು.

ರೇ ಬದುಕು ತಿರುಗಿದ್ದೂ ಹಾಗೆ ಓದಬೇಕಾಗಿ ಬಂದದ್ದರಿಂದಲೇ. ಬಿಭೂತಿಭೂಷಣರ 1929ರ ಕಾದಂಬರಿ ‘ಪಥೇರ್ ಪಾಂಚಾಲಿ’ಯನ್ನು ಮಕ್ಕಳಿಗಾಗಿ ಸಂಗ್ರಹಿಸಿ ಸಿಗ್ನೆಟ್ ‘ಆಮ್ ಆಂಟೀರ್ ಭೇಂಪು’ ಎಂಬ ಹೆಸರಿನಲ್ಲಿ ತಂದಿತು. ಅದಕ್ಕೆ ಮುಖಪುಟ, ಒಳಚಿತ್ರ ಎರಡೂ ರೇ ಅವರವು. ಮರದಚ್ಚಿನಂಥ ದಪ್ಪ ಕಪ್ಪು ಬಿಳುಪಿನಲ್ಲಿ ಅಪು, ದುರ್ಗಾ, ಬಿದಿರಮೆಳೆ, ಮಳೆ. ಈ ಕತೆ ಒಳ್ಳೆಯ ಸಿನಿಮಾ ಆಗುತ್ತದೆ ಎಂದು ಮೊದಲು ಹೇಳಿದವರು ಗುಪ್ತ. ಬೀಜ ಬಿದ್ದಿತು. 1950ರಲ್ಲಿ ಕಂಪನಿ ಲಂಡನ್ನಿಗೆ ಕಳಿಸಿದಾಗ ಅಲ್ಲಿ ‘ಬೈಸಿಕಲ್ ಥೀವ್ಸ್’ ಸಿನಿಮಾ ನೋಡಿದ ಮೇಲೆ ಅದು ಮೊಳಕೆಯೊಡೆಯಿತು.

ನಿರ್ಮಾಪಕರ ಮನೆ ಬಾಗಿಲಿಗೆ ರೇ ಕೊಂಡೊಯ್ದದ್ದು ಪೂರ್ಣ ಚಿತ್ರಕತೆಯನ್ನಲ್ಲ. ದೃಶ್ಯಗಳನ್ನು ಒಂದರ ಹಿಂದೊಂದು ಮಸಿಯಲ್ಲಿ ಬರೆದ ಚಿತ್ರದ ಪುಸ್ತಕ ಅವರ ಕೈಯಲ್ಲಿತ್ತು. ಮಳೆಯಲ್ಲಿ ಒಬ್ಬರಿಗೊಬ್ಬರು ಅಂಟಿ ಕೂತ ಅಕ್ಕ ತಮ್ಮಂದಿರು ತೆರೆಗೆ ಬರುವ ಮುಂಚೆ ಕಾಗದದ ಮೇಲಿದ್ದವರು. ಸಿನಿಮಾ 1955ರಲ್ಲಿ ಬಂತು. ಆ ಚಿತ್ರಪುಸ್ತಕವನ್ನು ರೇ ಪ್ಯಾರಿಸ್ಸಿನ ಚಿತ್ರಸಂಗ್ರಹಾಲಯ ಸಿನೆಮಾಟೆಕ್‌ಗೆ ಕೊಟ್ಟರು, ಮುಂದೆ ಅದು ಅಲ್ಲಿ ಕಾಣೆಯಾಯಿತು. ಭಾರತೀಯ ಚಿತ್ರಕಲೆಗೆ, ಸಿನಿಮಾಕ್ಕೆ ಎರಡಕ್ಕೂ ಆದ ನಷ್ಟ ಅದು.

ಜಗತ್ತೇ ಕೊಂಡಾಡತೊಡಗಿದ ಮೇಲೂ ಅವರು ಮುಖಪುಟ ಬಿಡಲಿಲ್ಲ. 1961ರಲ್ಲಿ ತಾತನ ‘ಸಂದೇಶ್’ ಪತ್ರಿಕೆಗೆ ಮತ್ತೆ ಜೀವ ಕೊಟ್ಟು ಅದಕ್ಕೆ ಕತೆ ಬರೆದರು, ಚಿತ್ರ ಬರೆದರು. ಅದೇ ವರ್ಷ ಆರಂಭವಾದ ‘ಎಕ್ಷಣ್’ ಸಾಹಿತ್ಯ ಪತ್ರಿಕೆಯ ಹೆಸರಿನಲ್ಲಿದ್ದದ್ದು ಮೂರೇ ಬಂಗಾಳಿ ಅಕ್ಷರ. ಸಂಚಿಕೆಯಿಂದ ಸಂಚಿಕೆಗೆ ಆ ಮೂರನ್ನೇ ಹಿಗ್ಗಿಸಿ, ಕುಗ್ಗಿಸಿ, ಮಡಿಸಿ ಹೊಸ ಮುಖಪುಟ ಕಟ್ಟಿದರು. ರೋಮನ್ ಲಿಪಿಗೂ ‘ರೇ ರೋಮನ್’, ‘ರೇ ಬಿಜಾರ್’ ಮುಂತಾದ ಅಚ್ಚಕ್ಷರಗಳನ್ನು ರೂಪಿಸಿದರು. 1971ರಲ್ಲಿ ಇವೆರಡಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯ ಬಹುಮಾನ ಬಂತು. ಮರುವರ್ಷ ಅವರು ತೆಗೆದ ಸಾಕ್ಷ್ಯಚಿತ್ರ ‘ದಿ ಇನ್ನರ್ ಐ’. ಕಣ್ಣು ಪೂರ್ತಿ ಕಳೆದುಕೊಂಡ ಮೇಲೂ ಕಲೆಯನ್ನು ಬಿಡದಿದ್ದ ಗುರು ಬಿನೋದ್‌ಬಿಹಾರಿಯವರನ್ನು ಕುರಿತ ಚಿತ್ರ ಅದು.