ಹಳೇ ಮನೆಗೆ ಹೊಸ ಬೆಲೆ!

ಹಬ್ಬ ಹತ್ತಿರ ಬಂತೆಂದರೆ ಮನೆಗೆ ಬಣ್ಣ ಬಳಿಸುವ ಮಾತು ಶುರು. ಬಣ್ಣದ ಮಾತು ಟೈಲ್ಸ್‌ಗೆ ಹೋಗುತ್ತದೆ, ಟೈಲ್ಸ್‌ನಿಂದ ಅಡುಗೆಮನೆಗೆ, ಅಲ್ಲಿಂದ ‘ಈ ಗೋಡೆ ಒಡೆಸಿಬಿಟ್ರೆ ಹಾಲ್ ಎಷ್ಟು ದೊಡ್ಡದಾಗುತ್ತೆ ಅಲ್ವಾ?’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ‘ಖರ್ಚಾದ್ರೆ ಆಗ್ಲಿ ಬಿಡು, ನಾಳೆ ಮಾರುವಾಗ ಅಷ್ಟೂ ವಾಪಸ್ ಬರುತ್ತೆ’ ಎಂದು ಯಜಮಾನರ ಸಮಾಧಾನ ಬೇರೆ!

ನಿಜವಾಗಿಯೂ ಅಷ್ಟೂ ವಾಪಸ್ ಬರುತ್ತದೆಯೇ? ಕೆಲವು ಖರ್ಚು ಬರುತ್ತದೆ, ಕೆಲವು ಅರ್ಧ ಬರುತ್ತದೆ, ಇನ್ನು ಕೆಲವು ಗೋಡೆಗೆ ಮೆತ್ತಿದ ಗಾರೆಯಂತೆ ಅಲ್ಲೇ ಉಳಿದುಬಿಡುತ್ತದೆ. ಯಾವುದು ಯಾವುದೆಂದು ಮೊದಲೇ ತಿಳಿದಿದ್ದರೆ ಕೈಯಲ್ಲಿರುವ ಉಳಿತಾಯ, ಪೆಟ್ಟಿಗೆಯಲ್ಲಿರುವ ಒಡವೆ ಎರಡೂ ಉಳಿಯುತ್ತವೆ.

ಮೊದಲು ಉದ್ದೇಶ ಗೊತ್ತಿರಲಿ

ನಿಮ್ಮದು ಸ್ವಂತ ಸೈಟಿನಲ್ಲಿರುವ ಹಳೆಯ ಮನೆಯೋ, ಫ್ಲ್ಯಾಟೋ? ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಿಂತ ಸೈಟಿಗೇ ಬೆಲೆ ಹೆಚ್ಚು. ನಲವತ್ತು ವರ್ಷದ ಮನೆಯನ್ನು ಕೊಳ್ಳುವವರು ಎಷ್ಟೋ ಸಲ ಅದನ್ನು ಕೆಡವಿ ಹೊಸದು ಕಟ್ಟುವ ಲೆಕ್ಕದಲ್ಲೇ ಬಂದಿರುತ್ತಾರೆ. ಅಂಥ ಮನೆಯನ್ನು ಬೇಗ ಮಾರುವುದಿದ್ದರೆ ಲಕ್ಷಗಟ್ಟಲೆ ಸುರಿಯುವುದು ವ್ಯರ್ಥ. ಗುಡಿಸಿ, ಸಾರಿಸಿ, ಸುಣ್ಣಬಣ್ಣ ಮಾಡಿಸಿದರೆ ಸಾಕು.

ಫ್ಲ್ಯಾಟ್ ಆದರೆ ಹಾಗಲ್ಲ. ಅದನ್ನು ಕೊಳ್ಳುವವರು ಅದರಲ್ಲೇ ವಾಸ ಮಾಡುವವರು. ಅಡುಗೆಮನೆ, ಬಚ್ಚಲು ಚೆನ್ನಾಗಿದ್ದರೆ ಬೇಗ ಒಪ್ಪುತ್ತಾರೆ.

ಬಾಡಿಗೆಗೆ ಕೊಡುವ ಮನೆಯಾದರೆ ಒಂದು ಸಣ್ಣ ಲೆಕ್ಕ ಹಾಕಿ. 3 ಲಕ್ಷ ರೂಪಾಯಿ ಖರ್ಚು ಮಾಡಿ, ಅದರಿಂದ ತಿಂಗಳಿಗೆ 3 ಸಾವಿರ ಬಾಡಿಗೆ ಹೆಚ್ಚಿತು ಎಂದುಕೊಳ್ಳಿ. ವರ್ಷಕ್ಕೆ 36 ಸಾವಿರ. ಹಾಕಿದ ಹಣ ಕೈಸೇರಲು ಎಂಟು ವರ್ಷದ ಮೇಲೆ ಬೇಕು! ಸಾಲ ಮಾಡಿದ್ದರೆ ಬಡ್ಡಿ ಬೇರೆ. ಈ ಲೆಕ್ಕ ಮೇಸ್ತ್ರಿ ಹೇಳುವುದಿಲ್ಲ, ನೀವೇ ಹಾಕಬೇಕು.

ಸೋರಿಕೆ ನಿಲ್ಲದೆ ಬಣ್ಣ ಬೇಡ

ಮನೆ ನೋಡಲು ಬಂದವರು ಮೊದಲು ತಲೆಯೆತ್ತಿ ನೋಡುವುದು ಸೂರನ್ನು. ಮೂಲೆಯಲ್ಲಿ ಹಳದಿ ಕಲೆ, ಉಬ್ಬಿದ ಬಣ್ಣ ಕಂಡರೆ ಸಾಕು, ಚೌಕಾಸಿ ಅಲ್ಲಿಂದಲೇ ಶುರು. ಕಲೆಯ ಮೇಲೆ ದುಬಾರಿ ಪೇಂಟ್ ಬಳಿಸಿದರೆ ಒಂದು ಮಳೆಗಾಲದಲ್ಲಿ ಬಣ್ಣ ಬಯಲಾಗುತ್ತದೆ.

ಆದ್ದರಿಂದ ಮೊದಲ ಖರ್ಚು ತಾರಸಿಗೆ. ನೀರು ಹರಿದುಹೋಗುವಂತೆ ಇಳಿಜಾರು ಇದೆಯೇ, ಬಿರುಕು ಬಿಟ್ಟಿದೆಯೇ, ಮಳೆನೀರಿನ ಕೊಳವೆ ಕಟ್ಟಿಕೊಂಡಿದೆಯೇ ನೋಡಿಸಿ. ವಾಟರ್‌ಪ್ರೂಫಿಂಗ್ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮುಂಗಾರಿಗೆ ಮೊದಲೇ ಮುಗಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ಪಸೆ ಇಳಿಯದಿದ್ದರೆ ಮಾತ್ರ ಪೂರ್ತಿ ಹಣ ಕೊಡಿ. ಬಚ್ಚಲಿನ ನೆಲಕ್ಕೂ ಇದೇ ಪರೀಕ್ಷೆ. ಟೈಲ್ಸ್ ಹಾಕುವ ಮೊದಲೇ ಮಾಡಿಸಬೇಕು, ಆಮೇಲಲ್ಲ.

ಎಲ್ಲ ಕೆಲಸಕ್ಕೂ ಒಂದು ಕ್ರಮವಿದೆ. ಸೋರಿಕೆ, ಆಮೇಲೆ ಪೈಪು, ವೈರಿಂಗ್, ನೆಲ, ಮರಗೆಲಸ, ಕಡೆಗೆ ಬಣ್ಣ. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಒಡೆದು ಎರಡನೇ ಸಲ ಮಾಡಿಸಬೇಕಾಗುತ್ತದೆ.

‘ನೀರು ಹೇಗಿದೆ?’

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕುಳಿತದ್ದು ಯಾರೂ ಮರೆತಿಲ್ಲ. ಈಗ ಮನೆ ನೋಡಲು ಬರುವವರ ಮೊದಲ ಪ್ರಶ್ನೆಗಳಲ್ಲೊಂದು, ‘ನೀರು ಹೇಗಿದೆ?’ ಉತ್ತರ ಚೆನ್ನಾಗಿದ್ದರೆ ಮನೆಗೆ ಬೆಲೆ ತಾನಾಗಿ ಬರುತ್ತದೆ.

ಬೆಂಗಳೂರಿನಲ್ಲಿ 2009ರ ಕಾಯ್ದೆ ತಿದ್ದುಪಡಿಯಿಂದ 60/40 ಹಾಗೂ ಅದಕ್ಕೂ ದೊಡ್ಡ ಸೈಟಿನ ಮನೆಗಳಿಗೆ, 30/40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ದಂಡದ ಭಯಕ್ಕಿಂತ ಲಾಭ ನೋಡಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 900 ಮಿ.ಮೀ. ಮಳೆಯಾಗುತ್ತದೆ. ಹತ್ತು ಚದರದ, ಅಂದರೆ ಸಾವಿರ ಚದರಡಿ ತಾರಸಿಯ ಮೇಲೆ ಬೀಳುವ ನೀರು ಸುಮಾರು 80 ಸಾವಿರ ಲೀಟರ್! ಎಲ್ಲವೂ ಸಿಗದು, ಆದರೆ ಒಳ್ಳೆಯ ಪಾಲು ಸೋಸಿಕೊಂಡು ಸಂಪಿಗೆ ಇಳಿಯುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ವ್ಯವಸ್ಥೆ ಮಾತ್ರ ಮರೆಯದೆ ಮಾಡಿಸಿ. ಹಳೆಯ ಜಿಐ ಪೈಪುಗಳು ಒಳಗೇ ತುಕ್ಕು ಹಿಡಿದು ನೀರು ಸಣ್ಣಗೆ ಬರುತ್ತಿದ್ದರೆ ಅದೇ ಹೊತ್ತಿಗೆ ಸಿಪಿವಿಸಿ ಪೈಪು ಹಾಕಿಸಿಕೊಳ್ಳಿ.

ಸೌರ ವಿದ್ಯುತ್ ಯೋಚನೆ ಇದ್ದರೆ, 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತುಮಾಡಲಾಗಿದೆ. ತಾರಸಿ ಸೋರಿಕೆ ಸರಿಪಡಿಸಿದ ನಂತರವೇ ಫಲಕ ಕೂರಿಸಿ.

ಅಡುಗೆಮನೆ, ಬಚ್ಚಲು

ಮನೆ ನೋಡಲು ಬಂದ ದಂಪತಿಯಲ್ಲಿ ಹೆಂಗಸು ನೇರವಾಗಿ ಅಡುಗೆಮನೆಗೆ ಹೋಗುವುದನ್ನು ಗಮನಿಸಿದ್ದೀರಾ? ಆಕೆ ‘ಊಹೂಂ’ ಎಂದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಹಾಗೆಂದು ಲಕ್ಷಾಂತರ ರೂಪಾಯಿಯ ಮಾಡ್ಯುಲರ್ ಕಿಚನ್ ಬೇಕಿಲ್ಲ. ಒಡೆದ ಕಟ್ಟೆಗೆ ಗ್ರಾನೈಟ್, ಆಳವಾದ ಸಿಂಕ್, ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್, ಮಿಕ್ಸಿ, ಗ್ರೈಂಡರ್, ಓವನ್‌ಗೆ ಬೇಕಾದಷ್ಟು ಪ್ಲಗ್ ಪಾಯಿಂಟು ಇವಿಷ್ಟಿದ್ದರೆ ಅಡುಗೆಮನೆ ಹೊಸದಾಗುತ್ತದೆ. ಸಿಂಕಿನ ಕೆಳಗೆ ಕಪಾಟು ಮಾಡಿಸುವುದಾದರೆ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ ಕೇಳಿ. ಅಗ್ಗದ ಬೋರ್ಡು ತೇವಕ್ಕೆ ಬೇಗ ಉಬ್ಬುತ್ತದೆ.

ಬಚ್ಚಲಿನಲ್ಲಿ ಬಾತ್‌ಟಬ್‌ಗಿಂತ ಜಾರದ ನೆಲ, ಗಾಳಿಯಾಡುವ ಕಿಟಕಿ, ಸೋರದ ನಲ್ಲಿ ಮುಖ್ಯ. ವಯಸ್ಸಾದ ಅತ್ತೆ-ಮಾವ ಇದ್ದರೆ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಕೊಳ್ಳುವವರ ಮನೆಯಲ್ಲೂ ಹಿರಿಯರಿರುತ್ತಾರೆ.

ವೈರಿಂಗ್ ಹಳೆಯದಾಗಿದ್ದರೆ ಪೇಂಟಿಗೆ ಇಟ್ಟ ಹಣ ಮೊದಲು ಅದಕ್ಕೆ ಹೋಗಲಿ. ಅರ್ಥಿಂಗ್ ಸರಿಯಿರಬೇಕು. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಗೀಸರ್‌ನಲ್ಲೋ ವಾಷಿಂಗ್ ಮೆಷಿನ್‌ನಲ್ಲೋ ಕರೆಂಟ್ ಸೋರಿದರೆ ಅದು ತಕ್ಷಣ ಪೂರೈಕೆ ಕಡಿದು ಜೀವ ಉಳಿಸುತ್ತದೆ.

ಇದ್ದದ್ದನ್ನು ಕಳೆಯಬೇಡಿ

ಹಳೆಯ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ, ಮೊಸಾಯಿಕ್, ತೇಗದ ಬಾಗಿಲು ಕಂಡರೆ ‘ಓಲ್ಡ್ ಫ್ಯಾಷನ್’ ಅಂತ ಮೂಗು ಮುರಿಯುತ್ತೀರಾ? ತಡೆಯಿರಿ! ಮೊಸಾಯಿಕ್‌ಗೆ ಪಾಲಿಶ್ ಹೊಡೆಸಿದರೆ ಹೊಸ ಟೈಲ್ಸ್‌ಗಿಂತ ಕಡಿಮೆ ಖರ್ಚಿನಲ್ಲಿ ಹೊಳೆಯುತ್ತದೆ. ತೇಗದ ಬಾಗಿಲನ್ನು ಗುಜರಿಗೆ ಕೊಟ್ಟು ಪ್ಲೈವುಡ್ ಬಾಗಿಲು ಹಾಕಿಸುವುದು ಚಿನ್ನ ಕೊಟ್ಟು ಗಿಲೀಟು ತಂದಂತೆ.

ಬೆಲೆ ಹೆಚ್ಚಿಸದ ಖರ್ಚುಗಳೂ ಇವೆ. ಮನೆ ತುಂಬ ಫಾಲ್ಸ್ ಸೀಲಿಂಗ್, ಢಾಳಾದ ವಾಲ್‌ಪೇಪರ್, ಗೋಡೆಗೆ ಅಂಟಿಸಿದ ಭಾರೀ ಶೋಕೇಸ್. ನಿಮ್ಮ ರುಚಿ ಅವರಿಗೆ ರುಚಿಸಬೇಕೆಂದಿಲ್ಲ. ಮೂರು ಮಲಗುವ ಕೋಣೆಯಲ್ಲಿ ಒಂದನ್ನು ಒಡೆದು ಹಾಲ್ ದೊಡ್ಡದು ಮಾಡಿದರೆ ಮನೆ ‘ಟು ಬೆಡ್‌ರೂಮ್’ ಆಗಿ ಬೆಲೆ ಇಳಿದೀತು. ಗೋಡೆ ಒಡೆಯುವ ಮೊದಲು ಇಂಜಿನಿಯರ್ ನೋಡಲೇಬೇಕು. ಫ್ಲ್ಯಾಟ್ ಆದರೆ ಸಂಘದ ಒಪ್ಪಿಗೆಯನ್ನೂ ಪಡೆಯಿರಿ.

ಕಾಗದವೂ ಮನೆಯ ಭಾಗ

ಪ್ಲಾನ್ ಮಂಜೂರಾತಿ ಇಲ್ಲದೆ ಮೇಲೊಂದು ಕೋಣೆ ಕಟ್ಟಿದರೆ ಅದು ಬೆಲೆಯನ್ನು ಹೆಚ್ಚಿಸುವ ಬದಲು ತಕರಾರನ್ನು ಹೆಚ್ಚಿಸುತ್ತದೆ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕು ಕಟ್ಟಡವನ್ನೂ ಪ್ಲಾನನ್ನೂ ಹೋಲಿಸಿ ನೋಡುತ್ತದೆ. ಬೆಂಗಳೂರಿನಲ್ಲಿ 2024ರಿಂದ ಆಸ್ತಿ ನೋಂದಣಿಗೆ ಇ-ಖಾತೆ ಬೇಕು. ಅದನ್ನು ಮಾಡಿಸಿಕೊಳ್ಳದೆ ಇಟಾಲಿಯನ್ ಮಾರ್ಬಲ್ ಹಾಕಿಸಿ ಏನು ಪ್ರಯೋಜನ?

ಬಿಲ್‌ಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಮನೆ ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಕೊಂಡ ಬೆಲೆಯ ಜೊತೆ ಮನೆಯ ಸುಧಾರಣೆಗೆ ಮಾಡಿದ ಖರ್ಚನ್ನೂ ಕಳೆಯಲು ಅವಕಾಶವಿದೆ. ಕೋಣೆ ಸೇರಿಸಿದ್ದು ಇದಕ್ಕೆ ಸೇರುತ್ತದೆ, ಮಾಮೂಲಿ ಬಣ್ಣ-ರಿಪೇರಿ ಸಾಮಾನ್ಯವಾಗಿ ಸೇರುವುದಿಲ್ಲ. ಬಿಲ್ಲೇ ಇಲ್ಲದಿದ್ದರೆ ಕೇಳುವುದಾದರೂ ಹೇಗೆ?

ಇನ್ನೊಂದು ಮಾತು, ಇದು ಹೆಣ್ಣುಮಕ್ಕಳಿಗೆ. ಮನೆ ಮಾವನವರ ಹೆಸರಿನಲ್ಲೋ, ಅಣ್ಣತಮ್ಮಂದಿರ ಪಾಲಾಗದ ಆಸ್ತಿಯಲ್ಲೋ ಇದೆಯೇ? ತವರಿನ ಒಡವೆ ಅಡವಿಟ್ಟು ಅದಕ್ಕೆ ಹಣ ಹಾಕುವ ಮುನ್ನ ಯೋಚಿಸಿ. ಖರ್ಚು ಮಾಡಿದ ಮಾತ್ರಕ್ಕೆ ಮನೆಯಲ್ಲಿ ಪಾಲು ಹುಟ್ಟುವುದಿಲ್ಲ. ನಾಳೆ ಪಾಲಾಗುವಾಗ ‘ನೀವು ಹಾಕಿಸಿದ್ದು ಅಂತ ಏನು ಸಾಕ್ಷಿ?’ ಎಂದರೆ ಬಾಯಿಮಾತು ನಿಲ್ಲದು. ಎಲ್ಲರೂ ಕೂತು ಮಾತಾಡಿ, ಒಪ್ಪಂದವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಇದರಲ್ಲಿ ಮುಜುಗರ ಪಡುವುದೇನಿಲ್ಲ. ಲೆಕ್ಕ ಸರಿಯಿದ್ದರೆ ಸಂಬಂಧವೂ ಸರಿಯಿರುತ್ತದೆ.

ಇನ್ನೇಕೆ ತಡ? ಒಂದು ನೋಟ್‌ಬುಕ್ ಹಿಡಿದು ತಾರಸಿಯಿಂದ ಸಂಪಿನವರೆಗೆ ಒಂದು ಸುತ್ತು ಹಾಕಿ. ಸೋರುವುದು, ಒಡೆದದ್ದು, ಅಪಾಯದ್ದು ಒಂದು ಪಟ್ಟಿ. ಚೆಂದಕ್ಕೆ ಬೇಕಾದದ್ದು ಇನ್ನೊಂದು ಪಟ್ಟಿ. ಮೊದಲ ಪಟ್ಟಿ ಮುಗಿಯುವ ತನಕ ಎರಡನೆಯದನ್ನು ಮುಟ್ಟಬೇಡಿ. ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ, ಅಂದಾಜಿಗಿಂತ ಹತ್ತು ಪರ್ಸೆಂಟ್ ಹಣ ಹೆಚ್ಚಿಗೆ ಎತ್ತಿಡಿ, ಮೇಸ್ತ್ರಿಗೆ ಮುಂಗಡ ಕಡಿಮೆ ಕೊಡಿ. ಆಮೇಲೆ ಮನೆ ಮಾರುತ್ತೀರೋ ಬಿಡುತ್ತೀರೋ, ಅಲ್ಲಿಯವರೆಗೆ ಸೋರದ ಸೂರಿನ ಕೆಳಗೆ ನೆಮ್ಮದಿಯಾಗಿ ನಿದ್ದೆ ಮಾಡುವವರು ನೀವೇ ತಾನೇ!