ಮರಳಿ ಬರುವ ರಾಕೆಟ್, ಕಾಯುವ ಕಡತ

ಒಮ್ಮೆ ಹಾರಿ ಮರಳಿ ಇಳಿದ ಫಾಲ್ಕನ್ 9 ರಾಕೆಟ್ಟಿನ ಕೆಳಹಂತವನ್ನು 2017ರಲ್ಲಿ ಸ್ಪೇಸ್‌ಎಕ್ಸ್ ಕಂಪನಿ ಮತ್ತೆ ಹಾರಿಸಿ ತೋರಿಸಿತು. 2024ರಲ್ಲಿ ಅದೇ ಮಾದರಿ 130ಕ್ಕೂ ಹೆಚ್ಚು ಸಲ ಹಾರಿತು. ಅಮೆರಿಕದಲ್ಲಿ ಖಾಸಗಿ ಉಡಾವಣೆಗೆ ಎಫ್‌ಎಎ ಎಂಬ ವಿಮಾನಯಾನ ಆಡಳಿತದ ಪರವಾನಗಿ ಬೇಕು. ಮೂಲ ಕಾನೂನು 1984ರದು, ಉಡಾವಣೆ ಅಪರೂಪವಾಗಿದ್ದ ಕಾಲದ್ದು. 2021ರ ಹೊಸ ನಿಯಮಾವಳಿ ಒಂದೇ ಪರವಾನಗಿಯಲ್ಲಿ ಹಲವು ಹಾರಾಟಗಳಿಗೆ ದಾರಿ ಮಾಡಿತಾದರೂ ವಿಳಂಬದ ದೂರು ನಿಂತಿಲ್ಲ.

2023ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಬೋಕಾ ಚೀಕಾದಿಂದ ಮೊದಲ ಸಲ ಪೂರ್ಣರೂಪದಲ್ಲಿ ಹಾರಿದ ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್ ಆಕಾಶದಲ್ಲೇ ಸಿಡಿಯಿತು. ಉಡಾವಣಾ ಕಟ್ಟೆಯ ಕಾಂಕ್ರೀಟ್ ಕಿತ್ತು ದೂರದವರೆಗೆ ಚೆಲ್ಲಾಡಿತು. ತನಿಖೆ 63 ತಿದ್ದುಪಡಿಗಳನ್ನು ಪಟ್ಟಿಮಾಡಿತು. ವನ್ಯಜೀವಿ ಇಲಾಖೆಯ ಪರಿಶೀಲನೆಯೂ ಸೇರಿ ಮುಂದಿನ ಹಾರಾಟದ ಹೊತ್ತಿಗೆ ನವೆಂಬರ್ ಬಂತು. ಕಂಪನಿಗಳ ಗೊಣಗಾಟದಲ್ಲಿ ಹುರುಳಿದೆ. ಆದರೆ ಆ ಚೂರುಗಳು ಬಿದ್ದದ್ದು ಹಕ್ಕಿಗಳ ನೆಲೆಯ ಬಳಿ ಎಂಬುದೂ ಸುಳ್ಳಲ್ಲ.

ಜನಬಲದ ತೊಡಕು ಇನ್ನೊಂದು ಬಗೆಯದು. ರಾಕೆಟ್ಟಿಗೂ ಕ್ಷಿಪಣಿಗೂ ತಂತ್ರಜ್ಞಾನ ಬಹುಪಾಲು ಒಂದೇ. ಆದ್ದರಿಂದ ಐಟಾರ್ ಎಂಬ ಶಸ್ತ್ರಾಸ್ತ್ರ ರಫ್ತು ನಿಯಮದಡಿ ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಉಳ್ಳವರು, ನಿರಾಶ್ರಿತರು ಮತ್ತು ಆಶ್ರಯ ಪಡೆದವರನ್ನು ಬಿಟ್ಟು ಉಳಿದವರಿಗೆ ನಕ್ಷೆ ತೋರಿಸುವುದೂ ರಫ್ತೇ; ಅದಕ್ಕೆ ಸರ್ಕಾರದ ಅನುಮತಿ ಬೇಕು. ಎಚ್-1ಬಿ ವೀಸಾದಲ್ಲಿ ಹೋದ ಬೆಂಗಳೂರಿನ ಎಂಜಿನಿಯರ್‌ಗೂ ಈ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ.