ಮೊದಲು ದಣಿಯುವುದು ದೇಹವೋ, ಮನಸ್ಸೋ?

ಈಜುವುದು, ಸೈಕಲ್ ತುಳಿಯುವುದು, ಓಡುವುದು – ಇವು ಮೂರೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ವ್ಯಾಯಾಮಗಳೇ. ಆದರೆ ನಡುವೆ ವಿಶ್ರಾಂತಿಯಿಲ್ಲದೆ ಮೂರನ್ನೂ ಒಂದರ ಬೆನ್ನಿಗೊಂದರಂತೆ ಮುಗಿಸುವುದು ಬೇರೆಯೇ ಮಾತು. ಟ್ರಯತ್ಲಾನ್ ಎಂಬ ಈ ಸ್ಪರ್ಧೆ 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳನ್ನು ಸೇರಿತು. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಸವಾರಿ, 10 ಕಿ.ಮೀ. ಓಟ. ಇದಕ್ಕಿಂತ ಬಹು ದೀರ್ಘವಾದುದು ‘ಐರನ್‌ಮ್ಯಾನ್’ ಸ್ಪರ್ಧೆ: 3.8 ಕಿ.ಮೀ. ಈಜು, 180 ಕಿ.ಮೀ. ಸವಾರಿ, ಕೊನೆಗೆ 42.2 ಕಿ.ಮೀ. ಓಟ. 1978ರಲ್ಲಿ ಹವಾಯಿಯ ಒಆಹು ದ್ವೀಪದಲ್ಲಿ ಇದು ಮೊದಲ ಬಾರಿಗೆ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹ್ಯಾಲರ್‌ಗೂ ಹನ್ನೊಂದು ಮುಕ್ಕಾಲು ಗಂಟೆಗೆ ಮೇಲ್ಪಟ್ಟು ಕಾಲ ಹಿಡಿಯಿತು.

ಇಷ್ಟು ಹೊತ್ತಿನಲ್ಲಿ ಸ್ಪರ್ಧಾಳುವಿನ ಮನಸ್ಸು ಒಂದೇ ಸಮನಾಗಿರುವುದಿಲ್ಲ. ನೂರಾರು ಜನರೊಡನೆ ನೀರಿಗಿಳಿದಾಗ ಅಂಜಿಕೆ; ಉಸಿರು ತಾನಾಗಿ ವೇಗಗೊಳ್ಳುತ್ತದೆ. ದಡ ಸೇರಿ ಸೈಕಲ್ ಏರಿದಾಗ ಉಲ್ಲಾಸ. ಓಟಕ್ಕೆ ತೊಡಗಿದೊಡನೆ ಕಾಲುಗಳು ತನ್ನವಲ್ಲವೆನ್ನುವಂತೆ ಭಾರ. ‘ಇನ್ನು ಸಾಕು’ ಎಂಬ ನಿರಾಶೆ. ಆದರೆ ಸೋಜಿಗವೆಂದರೆ, ಇನ್ನೊಂದು ಹೆಜ್ಜೆಯೂ ಆಗದೆಂದುಕೊಂಡಿದ್ದವನೇ ಗುರಿ ಕಣ್ಣಿಗೆ ಬಿದ್ದೊಡನೆ ವೇಗವಾಗಿ ಓಡುವುದುಂಟು. ಸ್ನಾಯುಗಳಲ್ಲಿ ಶಕ್ತಿಯೇ ತೀರಿದ್ದರೆ ಈ ವೇಗ ಬಂದುದೆಲ್ಲಿಂದ?

ಈ ಪ್ರಶ್ನೆ ಹೊಸದಲ್ಲ. ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ, ಬೆರಳಿನಿಂದ ಮತ್ತೆ ಮತ್ತೆ ತೂಕವನ್ನೆತ್ತಿಸಿ ಆಯಾಸವನ್ನು ಅಳೆಯುವ ಉಪಕರಣವೊಂದನ್ನು ರಚಿಸಿದ್ದನು. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯನ್ನು ನಡೆಸಿ ಬಂದ ಅಧ್ಯಾಪಕನ ಬೆರಳು ಎಂದಿಗಿಂತ ಬೇಗನೆ ಸೋಲುತ್ತಿದ್ದುದನ್ನು ಆತನು ಕಂಡನು. ದುಡಿದದ್ದು ಮೆದುಳು, ದಣಿದದ್ದು ಬೆರಳು!

2009ರಲ್ಲಿ ಸ್ಯಾಮ್ಯುಯೆಲೆ ಮಾರ್ಕೋರಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸಿತು. 16 ಮಂದಿ 90 ನಿಮಿಷಗಳ ಕಾಲ ಗಮನವನ್ನು ಹಿಂಡುವ ಕೆಲಸ ಮಾಡಿ, ಬಳಿಕ ಸೋಲುವವರೆಗೆ ಸೈಕಲ್ ತುಳಿದರು. ಇನ್ನೊಂದು ದಿನ ಅದೇ ಅವಧಿಯಲ್ಲಿ ಸಾಕ್ಷ್ಯಚಿತ್ರ ನೋಡಿ ತುಳಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತಾಳಿದವರು, ಮನಸ್ಸು ದಣಿದ ದಿನ 640 ಸೆಕೆಂಡಿಗೇ ನಿಲ್ಲಿಸಿದರು. ಹೃದಯವಾಗಲಿ ಸ್ನಾಯುಗಳಾಗಲಿ ಇದಕ್ಕೆ ಕಾರಣವೆಂದು ಕಾಣಲಿಲ್ಲ. ಅದೇ ಶ್ರಮ ಅವರಿಗೆ ಹೆಚ್ಚಾಗಿ ತೋರಿತ್ತು, ಅಷ್ಟೆ.

2004ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಸವಾರರು ಪಿಷ್ಟಜನ್ಯ ದ್ರಾವಣದಿಂದ ಬಾಯಿ ಮುಕ್ಕಳಿಸಿ ಉಗುಳಿದರು. ಒಂದು ಹನಿಯೂ ಹೊಟ್ಟೆಗೆ ಸೇರದಿದ್ದರೂ ಸುಮಾರು ಒಂದು ಗಂಟೆಯ ಸವಾರಿಯಲ್ಲಿ ಅವರ ಸಾಧನೆ ಶೇಕಡ 3ರಷ್ಟು ಹೆಚ್ಚಿತು. ಆಹಾರ ಬರುತ್ತಿದೆಯೆಂಬ ಸುದ್ದಿ ಬಾಯಿಂದ ಮೆದುಳಿಗೆ ಮುಟ್ಟಿದುದೇ ಸಾಕಾಯಿತು.

ಇದರಿಂದ ತಿಳಿದುಬರುವುದೇನು? ಆಯಾಸವೆಂಬುದು ಬರಿದಾದ ಕಣಜವಲ್ಲ. ಕಣಜ ಕಾಯುವವನ ಎಚ್ಚರಿಕೆಯ ಕೂಗು. ಉಳಿದ ಶಕ್ತಿ, ಉಳಿದ ದಾರಿ, ಮೈಯ ಕಾವು – ಇವೆಲ್ಲವನ್ನೂ ಮೆದುಳು ಲೆಕ್ಕ ಹಾಕುತ್ತದೆ. ದಾರಿ ಉದ್ದವೆನಿಸಿದಾಗ ಕೂಗು ಜೋರು. ಗುರಿ ಹತ್ತಿರವಾದಾಗ ಮೆಲ್ಲಗೆ. ಆದುದರಿಂದಲೇ ನುರಿತ ಸ್ಪರ್ಧಾಳುಗಳು ಇಡೀ ದಾರಿಯನ್ನು ನೆನೆಯದೆ ಮುಂದಿನ ತಿರುವನ್ನಷ್ಟೇ ನೆನೆಯುತ್ತಾರೆ. ನಿರಾಶೆ ಬಂದಾಗ ಅದು ಹಾದುಹೋಗುವುದೆಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಹಾಗೆಂದು ಕಾವಲುಗಾರನ ಮಾತನ್ನು ತಳ್ಳಿಹಾಕುವಂತಿಲ್ಲ. 1982ರ ಫೆಬ್ರವರಿಯಲ್ಲಿ ಹವಾಯಿಯ ಕೋನಾದಲ್ಲಿ ಜೂಲಿ ಮಾಸ್ ಎಂಬ 23 ವರ್ಷದ ವಿದ್ಯಾರ್ಥಿನಿ ಮಹಿಳೆಯರಲ್ಲಿ ಮುಂದಿದ್ದಳು. ಗುರಿಗೆ ಕೆಲವೇ ಗಜಗಳಿರುವಾಗ ಕಾಲುಗಳು ಕುಸಿದವು. ಕ್ಯಾಥ್ಲೀನ್ ಮೆಕಾರ್ಟ್ನಿ ಆಕೆಯನ್ನು ದಾಟಿ ಗೆದ್ದಳು. ಜೂಲಿ ತೆವಳುತ್ತ 29 ಸೆಕೆಂಡು ತಡವಾಗಿ ಗುರಿ ಮುಟ್ಟಿದಳು. ಛಲವು ಬಹು ದೂರ ಕೊಂಡೊಯ್ಯುತ್ತದೆ, ಆದರೆ ದೇಹಕ್ಕೆ ನಿಜವಾದ ಎಲ್ಲೆಯೂ ಇದೆಯೆಂಬುದನ್ನು ಆ ದೃಶ್ಯ ತೋರಿಸಿತು. ಎದೆನೋವು, ಬುದ್ಧಿಭ್ರಮೆ, ತಲೆ ಸುತ್ತುವುದು ಕಂಡರೆ ನಿಲ್ಲುವುದೇ ವಿವೇಕ.

ಪರೀಕ್ಷೆಯ ಹಿಂದಿನ ರಾತ್ರಿ ‘ಇನ್ನಾಗದು’ ಎಂದೆನಿಸುವುದು ನಮ್ಮೆಲ್ಲರ ಅನುಭವ. ಆ ಮಾತು ಬರಿಯ ದಣಿದ ಮನಸ್ಸಿನದೋ, ವಿಶ್ರಾಂತಿ ಬೇಡುತ್ತಿರುವ ದೇಹದ್ದೋ ಎಂದು ಒಂದು ಕ್ಷಣ ವಿಚಾರಿಸಿ ನೋಡುವುದನ್ನು ಕಲಿತರೆ, ಓಡದೆಯೂ ನಾವು ಈ ಸ್ಪರ್ಧೆಯಿಂದ ಲಾಭ ಪಡೆದಂತೆಯೇ.